ಅಪ್‌ಡೇಟ್: ಕೈ ಮೇಲೆತ್ತಿದಾಗ ಭುಜ ಕೆಳಗೆ ಎಳೆಯಬೇಕಾ?

ಅಧೋಮುಖ ಶ್ವಾನಾಸನ (ಕೈಕಾಲು ನೆಲಕ್ಕೂರಿ, ಕೈಗಳನ್ನು ತಲೆಯಾಚೆ ಚಾಚಿ, ಸೊಂಟ ಮೇಲೆತ್ತುವ ಯೋಗಾಸನ) ಮಾಡುವಾಗ ನನ್ನ ಒಬ್ಬ ವಿದ್ಯಾರ್ಥಿನಿಗೆ ಭುಜದ ತುದಿಯಲ್ಲಿ ಚುಚ್ಚಿದ ಹಾಗಾಗುತ್ತದೆ, "ಭುಜ ಕಿವಿಯಿಂದ ದೂರ ಎಳೆಯಿರಿ" ಅಂತ ಹೇಳಿಕೊಡುವುದು ಸರಿಯಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನೀವು ಹೇಳಿದಂತೆ ಅವರು ಫಿಸಿಯೋಥೆರಪಿಸ್ಟ್ ಹತ್ತಿರ ಹೋದರು, ನಾನೂ ಜೊತೆಗಿದ್ದೆ.

ವಿಷಯ ಇಷ್ಟು. ಕೈ ಪೂರ್ತಿ ಮೇಲೆತ್ತುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು, ಉಳಿದ 60ರಷ್ಟು ಬರುವುದು ಬೆನ್ನ ಮೇಲಿನ ತ್ರಿಕೋನದ ಮೂಳೆ, ಅಂದರೆ ಸ್ಕ್ಯಾಪುಲಾ, ಪಕ್ಕೆಲುಬುಗಳ ಮೇಲೆ ಜಾರುತ್ತಾ ಮೇಲಕ್ಕೆ ತಿರುಗುವುದರಿಂದ. ಅದನ್ನು ತಿರುಗಿಸುವುದು ಸೆರೇಟಸ್ ಆಂಟೀರಿಯರ್ ಮತ್ತು ಟ್ರೆಪೀಜಿಯಸ್ ಎಂಬ ಸ್ನಾಯುಗಳು. ಕೈ ತಲೆಯ ಮೇಲಿರುವಾಗ ಆ ಮೂಳೆಯನ್ನೇ ಬಲವಾಗಿ ಕೆಳಗೆ ಎಳೆದು ಹಿಡಿದರೆ ಅದು ತಿರುಗುವುದಾದರೂ ಹೇಗೆ, ಅಲ್ವಾ? ಭುಜ ಸ್ವಲ್ಪ ಮೇಲೆ ಬರುವುದು ಸಹಜ, ಬರಲಿ ಬಿಡಿ.

ಇನ್ನೊಂದು ಮುಖ್ಯ ವಿಷಯ ಮೇಲ್ತೋಳು. ಅದನ್ನು ಹೊರಕ್ಕೆ ತಿರುಗಿಸಿದರೆ ತೋಳಿನ ಮೂಳೆಯ ಉಬ್ಬು ಭಾಗ ಅಕ್ರೋಮಿಯನ್‌ನ (ಭುಜದ ತುದಿಯಲ್ಲಿ ಚಾಚಿರುವ ಸ್ಕ್ಯಾಪುಲಾದ ಭಾಗ) ಕೆಳಗಿಂದ ಹಿಂದಕ್ಕೆ ಸರಿಯುತ್ತದೆ, ನಡುವೆ ಇರುವ ಸುಪ್ರಾಸ್ಪೈನೇಟಸ್ ಎಂಬ ಭುಜದ ಸ್ನಾಯುವಿನ ಸ್ನಾಯುರಜ್ಜುಗೆ ಜಾಗ ಸಿಗುತ್ತದೆ.

ಈಗ ತರಗತಿಯಲ್ಲಿ "ನೆಲವನ್ನು ದೂರ ತಳ್ಳಿ, ಮೇಲ್ತೋಳು ಹೊರಕ್ಕೆ ತಿರುಗಿಸಿ" ಅಂತಷ್ಟೇ ಹೇಳುತ್ತೇನೆ. ಆ ವಿದ್ಯಾರ್ಥಿನಿ ಅಂಗೈಗಳನ್ನು ಸ್ವಲ್ಪ ಅಗಲಕ್ಕೆ ಇಟ್ಟು, ಮಂಡಿ ಮಡಚಿ ಮಾಡುತ್ತಾರೆ. ಚುಚ್ಚುವುದು ಎಷ್ಟೋ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚತುರಂಗ ದಂಡಾಸನ (ದೇಹ ನೇರವಾಗಿಟ್ಟು ಮೊಣಕೈ ಮಡಚಿ ನೆಲದ ಹತ್ತಿರ ಇಳಿಯುವ ಆಸನ) ಸದ್ಯಕ್ಕೆ ಬೇಡ ಅಂತ ಫಿಸಿಯೋಥೆರಪಿಸ್ಟ್ ಅಂದಿದ್ದಾರೆ, ಗೋಡೆಗೆ ಕೈ ಊರಿ ತಳ್ಳುವ ವ್ಯಾಯಾಮ ನಡೆಯುತ್ತಿದೆ.