ಅಪ್‌ಡೇಟ್: ಮುಸ್ಸಂಜೆ ಫೋಟೊದಲ್ಲಿ ಮುಖ ಕಪ್ಪಾಗುವ ವಿಷಯ

ಹೊತ್ತು ಮುಳುಗಿದ ಮೇಲೆ ಫೋಟೊ ತೆಗೆದರೆ ಮುಖ ಕಪ್ಪಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ತಂಗಿಯನ್ನು ನಿಲ್ಲಿಸಿ ನೋಡಿದೆ. ನೀವು ಹೇಳಿದಂತೆ ಮುಖವನ್ನು ಪಡುವಣದ ಬೆಳಕಿಗೆ ತಿರುಗಿಸಿದ್ದೇ ತಡ, ಅರ್ಧ ಕೆಲಸ ಮುಗಿಯಿತು. ಮೂಗುತಿ ಹರಳಿನಲ್ಲೂ ಆಕಾಶದ ಕೆಂಪು ಬಂದಿದೆ!

50 ಎಂಎಂ ಲೆನ್ಸ್, ಎಫ್/1.8 (ಲೆನ್ಸ್ ಕಿಂಡಿ ಅಗಲವಾಗಿ ತೆರೆದು), ಶಟರ್ 1/125 ಸೆಕೆಂಡ್. ಬೆಳಕು ಇಳಿದ ಹಾಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ 400ರಿಂದ 1600ಕ್ಕೆ ಏರಿಸಿದೆ. ಸ್ವಲ್ಪ ನಾಯ್ಸ್ (ಫೋಟೊದಲ್ಲಿ ಕಾಣುವ ಕಾಳುಕಾಳು ಚುಕ್ಕೆ) ಇದ್ದರೂ ನಡೆಯುತ್ತದೆ, ಶಟರ್ ನಿಧಾನ ಮಾಡಿ ಅಲುಗಾಡಿದ ಫೋಟೊ ಯಾರಿಗೆ ಬೇಕು? ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವ ಸೆಟ್ಟಿಂಗ್) ಆಟೊದಲ್ಲಿಟ್ಟರೆ ಆ ಬಂಗಾರದ ಬಣ್ಣ ಸುಮ್ನೆ ಹಾಳು, ಡೇಲೈಟ್‌ಗೆ ಇಟ್ಟೆ.

ನಮ್ಮ ಕಡೆ ಸೂರ್ಯ ಮುಳುಗಿ 20-25 ನಿಮಿಷಕ್ಕೆಲ್ಲ ಈ ಬೆಳಕು ಮುಗಿಯುತ್ತದೆ. ಮೊದಲೇ ಹೋಗಿ ಜಾಗ ಹಿಡಿಯಬೇಕು. ಫ್ಲ್ಯಾಶ್ ಹಾಕು ಅಂದವರು ಬೇಜಾರಾಗಬೇಡಿ, ಬ್ಯಾಗಿನಿಂದ ತೆಗೆಯಲೇ ಇಲ್ಲ.