ಸಿಬ್ಬಂದಿಯ ಮೊಬೈಲ್ ನಂಬರು, ಮನೆ ವಿಳಾಸ: ಆರ್‌ಟಿಐನಲ್ಲಿ ಕೇಳಿದರೆ ಕೊಡಬೇಕೇ?

ಪ್ರಶ್ನೆ: ಸರ್, ಕಚೇರಿಯ ಎಲ್ಲ ಸಿಬ್ಬಂದಿಯ ಹೆಸರು, ಪದನಾಮ, ವೇತನ, ಮೊಬೈಲ್ ಸಂಖ್ಯೆ, ಮನೆ ವಿಳಾಸ ಮತ್ತು ಸೇವಾ ವಹಿಯ ನಕಲು ಕೇಳಿ ಅರ್ಜಿ ಬಂದಿದೆ. ಒಟ್ಟಾರೆ ನಿರಾಕರಿಸಿ ಹಿಂಬರಹ (ಲಿಖಿತ ಉತ್ತರ) ಕೊಡಬಹುದೇ?

ಉತ್ತರ: ಬೇಡ, ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಸಿಬ್ಬಂದಿ ಡೈರೆಕ್ಟರಿ, ಮಾಸಿಕ ವೇತನ ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) ಕಲಂ 4(1)(ಬಿ) ಪ್ರಕಾರ ಕಚೇರಿಯೇ ಪ್ರಕಟಿಸಬೇಕಾದ ಮಾಹಿತಿ. ಹೆಸರು, ಪದನಾಮ, ವೇತನ, ಕಚೇರಿ ದೂರವಾಣಿ ಕೊಟ್ಟುಬಿಡಿ. ಸ್ವಂತ ಮೊಬೈಲ್, ಮನೆ ವಿಳಾಸ, ಬ್ಯಾಂಕ್ ಖಾತೆ, ಪ್ಯಾನ್ ಇವನ್ನು ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ) ಅಡಿ ತಡೆಯಿರಿ. ಸೇವಾ ವಿಷಯಗಳು ನೌಕರ ಮತ್ತು ಇಲಾಖೆಯ ನಡುವಿನವು ಎಂದು ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್ ಹೇಳಿದೆ. ಸೇವಾ ವಹಿಯನ್ನು ತಡೆಯಲು ಅದು ಆಧಾರ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ತಿದ್ದುಪಡಿಯಿಂದ 8(1)(ಜೆ) ಈಗ ಬಹಳ ಅಗಲವಾಗಿದೆ. ಹಾಗಂತ ಕಣ್ಣುಮುಚ್ಚಿ ಬಳಸುವಂತಿಲ್ಲ, 8(2)ರ ಸಾರ್ವಜನಿಕ ಹಿತಾಸಕ್ತಿ ಹಾಗೇ ಇದೆ. ಅದನ್ನು ತೂಗಿ ನೋಡಿದ್ದನ್ನು ಟಿಪ್ಪಣಿ ಹಾಳೆಯಲ್ಲಿ ದಾಖಲಿಸಿ. ಹಿಂಬರಹದಲ್ಲಿ ಕಲಂ, ಕಾರಣ, ಪ್ರಥಮ ಮೇಲ್ಮನವಿ ಪ್ರಾಧಿಕಾರಿಯ ವಿವರ, ಮೇಲ್ಮನವಿಗೆ 30 ದಿನಗಳ ಗಡುವು ಇರಲಿ. ಬರೀ "8(1)(ಜೆ) ಅಡಿ ಕೊಡಲು ಬರುವುದಿಲ್ಲ" ಎಂಬ ಒಂದು ಸಾಲು ಹಾಕಿದರೆ ಪ್ರಕರಣ ವಾಪಸ್ ಬರುತ್ತದೆ.

ಪ್ರಶ್ನೆ: ನೌಕರರಿಗೆ ಮೊದಲೇ ನೋಟಿಸ್ ಕೊಡಬೇಕೇ?

ಉತ್ತರ: ಅವರಿಗೆ ಸಂಬಂಧಿಸಿದ ಅಥವಾ ಅವರು ಕೊಟ್ಟ, ಅವರು ಗೋಪ್ಯವೆಂದು ಪರಿಗಣಿಸಿದ ಮಾಹಿತಿಯನ್ನು ಬಹಿರಂಗಪಡಿಸುವ ಉದ್ದೇಶವಿದ್ದರೆ ಮಾತ್ರ ಕಲಂ 11ರ ನೋಟಿಸ್ ಬೇಕು. ಅರ್ಜಿ ಬಂದ 5 ದಿನದೊಳಗೆ ನೋಟಿಸ್, ನೌಕರರಿಗೆ 10 ದಿನ, ಒಟ್ಟು 40 ದಿನದಲ್ಲಿ ತೀರ್ಮಾನ. ಅವರು ಆಕ್ಷೇಪಿಸಿದರೆಂದೇ ನಿರಾಕರಿಸುವಂತಿಲ್ಲ, ನಿರ್ಧಾರ ನಿಮ್ಮದೇ.

ಪ್ರಶ್ನೆ: ಕಡತದಲ್ಲಿರುವ ನಂಬರುಗಳನ್ನು ಮರೆಮಾಡುವುದು ಹೇಗೆ?

ಉತ್ತರ: ಕೊಡಬಾರದ ಭಾಗ ಬೇರ್ಪಡಿಸಿ ಉಳಿದದ್ದನ್ನು ಕೊಡುವ ಕಲಂ 10 ಇರುವುದೇ ಇದಕ್ಕೆ. ಮೂಲ ಕಡತದ ಮೇಲೆ ಮಾರ್ಕರ್ ಆಡಿಸಬೇಡಿ. ಜೆರಾಕ್ಸ್ ತೆಗೆದು, ಅದರ ಮೇಲೆ ಕಪ್ಪು ಬಳಿದು, ಮತ್ತೊಮ್ಮೆ ಜೆರಾಕ್ಸ್ ಮಾಡಿ ಅದನ್ನೇ ಕೊಡಿ. ಮೊದಲ ಪ್ರತಿಯನ್ನು ಬೆಳಕಿಗೆ ಹಿಡಿದರೆ ಅಕ್ಷರ ಕಾಣಬಹುದು. ಪಿಡಿಎಫ್‌ನಲ್ಲಿ ಕಪ್ಪು ಚೌಕ ಎಳೆದರೆ ಸಾಲದು, ಅಡಿಯ ಅಕ್ಷರ ಕಾಪಿ ಆಗುತ್ತದೆ. ಮುದ್ರಿಸಿ ಸ್ಕ್ಯಾನ್ ಮಾಡಿ. ಎಕ್ಸೆಲ್‌ನಲ್ಲಿ ಕಾಲಂ ಹೈಡ್ ಮಾಡಿ ಕಳಿಸುವುದಂತೂ ಕೊಟ್ಟಂತೆಯೇ.

ರಜೆ ಅರ್ಜಿಯಲ್ಲಿನ ರಜಾ ಅವಧಿಯ ವಿಳಾಸ, ಸಹಿಯ ಕೆಳಗೆ ಬರೆದ ಮೊಬೈಲ್, ವೇತನ ಬಿಲ್ಲಿನ ಖಾತೆ ಸಂಖ್ಯೆ, ಚುನಾವಣಾ ಕರ್ತವ್ಯದ ಪಟ್ಟಿ: ಹೆಚ್ಚಾಗಿ ಸೋರುವುದು ಇಲ್ಲೇ.

ಪ್ರಶ್ನೆ: ನಮ್ಮಲ್ಲಿ ಸ್ಥಿರ ದೂರವಾಣಿಯೇ ಇಲ್ಲ, ಫಲಕದಲ್ಲಿ ಸ್ವಂತ ನಂಬರೇ ಇದೆ.

ಉತ್ತರ: ಕಚೇರಿಯೇ ಫಲಕದಲ್ಲಿ ಹಾಕಿದ ನಂಬರನ್ನು ಖಾಸಗಿ ಎಂದು ವಾದಿಸುವುದು ಕಷ್ಟ. ಕಚೇರಿ ಹೆಸರಿನಲ್ಲಿ ಸಿಮ್ ಪಡೆದು ಫಲಕ, ಜಾಲತಾಣ, 4(1)(ಬಿ) ಪಟ್ಟಿ ಮೂರರಲ್ಲೂ ಬದಲಿಸಿ. ವರ್ಗಾವಣೆಯಾದಾಗ ಸಿಮ್ ಹುದ್ದೆಯ ಜೊತೆಗೇ ಉಳಿಯಲಿ, ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲೇ ಸೇರಿಸಿ.