‘ಶ್ರೀರಂಗಪಟ್ಟಣದ ಬ್ಯಾರನ್’ ಅಂತ ಬರೆಯಬಹುದೇ? ಬಿರುದು, ಪದವಿ, ಪಟ್ಟ ಇವುಗಳಲ್ಲಿ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

1799ರ ಶ್ರೀರಂಗಪಟ್ಟಣದ ಮುತ್ತಿಗೆ ಬಗ್ಗೆ ಒಂದು ಬರಹವನ್ನು ತಿದ್ದುತ್ತಿದ್ದೇನೆ. ಬ್ರಿಟಿಷ್ ಸೈನ್ಯ ನಡೆಸಿದ ಜನರಲ್ ಜಾರ್ಜ್ ಹ್ಯಾರಿಸ್ ಕುರಿತು ಅದರಲ್ಲಿ ಹೀಗೊಂದು ಸಾಲಿದೆ: ‘ಮುಂದೆ ಇವನಿಗೆ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಪದವಿ ಸಿಕ್ಕಿತು.’ (ಬ್ಯಾರನ್ ಅಂದರೆ ಬ್ರಿಟಿಷ್ ದೊರೆ ಕೊಡುವ, ಮನೆತನದಲ್ಲಿ ಇಳಿದು ಬರುವ ಒಂದು ಬಿರುದು; ಅರ್ಲ್, ಮಾರ್ಕ್ವಿಸ್, ಡ್ಯೂಕ್ ಅದಕ್ಕಿಂತ ಮೇಲಿನವು.) ಇಂಗ್ಲಿಷ್ ಪುಸ್ತಕದಲ್ಲಿ ಇರುವುದನ್ನೇ ಬರೆದಿದ್ದಾರೆ, ತಪ್ಪೇನಿಲ್ಲ ಅನ್ನಿಸಬಹುದು. ಆದರೆ ಕನ್ನಡದಲ್ಲಿ ಓದಿದವರಿಗೆ ಏನು ತಿಳಿಯುತ್ತದೆ? ಊರು ಅವನ ಕೈಗೆ ಬಂತು, ಅವನು ಅಲ್ಲಿನ ಒಡೆಯನಾದ ಅಂತಲೇ ಅಲ್ವಾ?

ನಡೆದದ್ದು ಬೇರೆ. ಟಿಪ್ಪು ಮಡಿದ ಕೆಲವೇ ವಾರಗಳಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಪಟ್ಟಕ್ಕೆ ಕೂರಿಸಿದರು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು. ಹ್ಯಾರಿಸ್‌ಗೆ ಇಲ್ಲಿ ಒಂದು ಗುಂಟೆ ಜಮೀನೂ ಇರಲಿಲ್ಲ. ಲೂಟಿ ಹಂಚಿಕೆಯಲ್ಲಿ ಬಂದ ದೊಡ್ಡ ಪಾಲಿನ ಹಣ ಹಿಡಿದು ಅವನು ಊರಿಗೆ ಮರಳಿದ. 1801ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ, ಫೇವರ್‌ಶಮ್ ಹತ್ತಿರ, ಬೆಲ್ಮಾಂಟ್ ಎಂಬ ಬಂಗಲೆ ಕೊಂಡ. ಬಿರುದು ಬಂದದ್ದು ಅದಕ್ಕೂ ತಡವಾಗಿ, 1815ರಲ್ಲಿ. ಅದರ ಪೂರ್ತಿ ಒಕ್ಕಣೆ ಸುಮಾರಾಗಿ ಹೀಗಿದೆ: ‘ಬ್ಯಾರನ್ ಹ್ಯಾರಿಸ್, ಈಸ್ಟ್ ಇಂಡೀಸ್‌ನ ಶ್ರೀರಂಗಪಟ್ಟಣ ಮತ್ತು ಮೈಸೂರು, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟ್’.

ಇಲ್ಲಿ ‘ಹ್ಯಾರಿಸ್’ ಆದ ಮೇಲೆ ಬರುವ ಅಲ್ಪವಿರಾಮವೇ ಮುಖ್ಯ. ಅದರ ಹಿಂದೆ ಇರುವುದು ಬಿರುದು, ಮುಂದೆ ಇರುವುದು ಗುರುತಿನ ಊರು. ಬಿರುದು ಬರೀ ‘ಬ್ಯಾರನ್ ಹ್ಯಾರಿಸ್’. ಜನ ಕರೆಯುವುದು ‘ಲಾರ್ಡ್ ಹ್ಯಾರಿಸ್’ ಅಂತ. ಊರಿನ ಹೆಸರು ಸನ್ನದಿನಲ್ಲಿ, ಅಂದರೆ ಬಿರುದು ಕೊಡುವ ಪತ್ರದಲ್ಲಿ, ಇರುತ್ತದೆ, ದಿನನಿತ್ಯದ ಹೆಸರಿನಲ್ಲಿ ಇರುವುದಿಲ್ಲ.

ಎಲ್ಲ ಬಿರುದೂ ಹೀಗೇ ಅಲ್ಲ, ತೊಡಕು ಇರುವುದೇ ಅಲ್ಲಿ. ‘ಡ್ಯೂಕ್ ಆಫ್ ವೆಲಿಂಗ್ಟನ್’ನಲ್ಲಿ ಊರೇ ಬಿರುದು. ವೆಲಿಂಗ್ಟನ್ ಸಾಮರ್ಸೆಟ್‌ನ ಒಂದು ಊರು, ಬಿರುದು ಪಡೆದ ಆರ್ಥರ್‌ನ ಮನೆ ಹೆಸರು ವೆಲ್ಲೆಸ್ಲಿ. ‘ಅರ್ಲ್ ಕಾರ್ನ್‌ವಾಲಿಸ್’ನಲ್ಲಿ ಮನೆ ಹೆಸರೇ ಬಿರುದು. 1947ರ ‘ಅರ್ಲ್ ಮೌಂಟ್‌ಬ್ಯಾಟನ್ ಆಫ್ ಬರ್ಮಾ’ದಲ್ಲಿ ಮನೆ ಹೆಸರೂ ಬಂತು, ಊರೂ ಬಂತು, ನಡುವೆ ಅಲ್ಪವಿರಾಮ ಇಲ್ಲ. ಅಲ್ಲಿ ಬರ್ಮಾ ಬಿರುದಿನ ಒಳಗೇ ಇದೆ. 1919ರಲ್ಲಿ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರಿಗೆ ಕೊಟ್ಟ ‘ಬ್ಯಾರನ್ ಸಿನ್ಹಾ’ದಲ್ಲಿ ರಾಯಪುರ ಹೊರಗಿನ ಗುರುತು. ಅದೂ ಬಂಗಾಳದ ರಾಯಪುರ, ಛತ್ತೀಸಗಢದ್ದಲ್ಲ. ಕನ್ನಡದ ‘-ದ’, ‘-ಇನ’ ಪ್ರತ್ಯಯ ಇವೆಲ್ಲವನ್ನೂ ಒಂದೇ ಮಾಡಿಬಿಡುತ್ತದೆ. ‘ವೆಲಿಂಗ್ಟನ್ನಿನ ಡ್ಯೂಕ್’ ಅಂದರೆ ನಡೆದೀತು. ‘ಶ್ರೀರಂಗಪಟ್ಟಣದ ಬ್ಯಾರನ್’ ಅಂದರೆ ಸುಳ್ಳೇ ಆಗುತ್ತದೆ.

ಗೆದ್ದ ಊರಿನ ಹೆಸರನ್ನು ಬಿರುದಿಗೆ ಸೇರಿಸಿಕೊಳ್ಳುವುದು ನಮಗೆ ಹೊಸದಲ್ಲ, ಅದಕ್ಕೆ ಕನ್ನಡದಲ್ಲಿ ಗಟ್ಟಿಯಾದ ರೂಪವೇ ಇದೆ. ಚೋಳರಿಂದ ತಲಕಾಡನ್ನು ಕಸಿದುಕೊಂಡ ಹೊಯ್ಸಳ ವಿಷ್ಣುವರ್ಧನ ‘ತಲಕಾಡುಗೊಂಡ’ ಆದ. ಶಾಸನಗಳಲ್ಲಿ ಈ ‘ಗೊಂಡ’ದ ಹಿಂದೆ ಊರುಗಳ ಸಾಲೇ ಬರುತ್ತದೆ: ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಬನವಾಸೆ, ಹಾನುಂಗಲ್ಲು. ಎಷ್ಟು ಚೊಕ್ಕವಾದ ಮಾತು ನೋಡಿ. ‘ತಲಕಾಡಿನ’ ಅಂದಿಲ್ಲ, ‘ತಲಕಾಡುಗೊಂಡ’ ಅಂದರು. ಊರು ಯಾರದ್ದಾಗಿತ್ತು, ಯಾರು ತೆಗೆದುಕೊಂಡರು ಎಂಬ ಕಥೆಯೆಲ್ಲ ಒಂದು ಪ್ರತ್ಯಯದಂಥ ಪದದಲ್ಲಿ ಅಡಗಿದೆ.

ಇದು ಒಬ್ಬನಿಗೇ ನಿಲ್ಲಲೂ ಇಲ್ಲ. ವಿಷ್ಣುವರ್ಧನನ ಮಗ ನರಸಿಂಹನ ಕಾಲದ ಶಾಸನಗಳಲ್ಲೂ ಅದೇ ಸಾಲು ಬರುತ್ತದೆ. ತಲಕಾಡನ್ನು ಅವನು ಗೆದ್ದಿರಲಿಲ್ಲ, ಅಪ್ಪ ಗೆದ್ದದ್ದು ಮಗನಿಗೆ ಬಂತು. ಹ್ಯಾರಿಸ್ ಮನೆಯಲ್ಲಿ ಆದದ್ದೂ ಇದೇ. ಹಾಗಾಗಿ ‘ಶ್ರೀರಂಗಪಟ್ಟಣಗೊಂಡ ಹ್ಯಾರಿಸ್’ ಅನ್ನುವುದು ಮೂಲದ ಅರ್ಥಕ್ಕೆ ‘ಶ್ರೀರಂಗಪಟ್ಟಣದ ಬ್ಯಾರನ್’ಗಿಂತ ಜಾಸ್ತಿ ಹತ್ತಿರ. ಆದರೂ ಬಿರುದಿನ ಅನುವಾದ ಅಂತ ಇದನ್ನೇ ಬಳಸಲು ನನಗೆ ಮನಸ್ಸಿಲ್ಲ. ವಿಷ್ಣುವರ್ಧನ ತಾನೇ ಅರಸ, ತನಗಾಗಿ ಗೆದ್ದ. ಹ್ಯಾರಿಸ್ ಇನ್ನೊಬ್ಬರ ಕೆಲಸದಲ್ಲಿದ್ದವನು, ಹದಿನಾರು ವರ್ಷ ಕಳೆದ ಮೇಲೆ ಮೇಲಿನವರು ಕೊಟ್ಟದ್ದನ್ನು ಪಡೆದವನು. ವಿವರಣೆಯ ಸಾಲಿನಲ್ಲಿ ‘ಗೊಂಡ’ ಬರಲಿ, ಹೆಸರಿನ ಜಾಗದಲ್ಲಿ ಬೇಡ.

ಇನ್ನು ‘ಬಿರುದು’, ‘ಪದವಿ’, ‘ಪಟ್ಟ’. ಪದವಿ ಅಂದರೆ ಇವತ್ತು ಮೊದಲು ನೆನಪಾಗುವುದು ಕಾಲೇಜು. ‘ಸರ್ ಪದವಿ’ ಅಂತ ಪತ್ರಿಕೆಗಳು ಬರೆಯುತ್ತವೆ, ನಿಜ. ಆದರೆ ಸರ್ ಎಂ. ವಿಶ್ವೇಶ್ವರಯ್ಯ ಅವರ ‘ಸರ್’ ಅವರೊಬ್ಬರದೇ, ಮುಂದಿನ ತಲೆಮಾರಿಗೆ ಇಳಿಯುವುದಲ್ಲ. ಮೈಸೂರು ಅರಸರು ಕೊಡುತ್ತಿದ್ದ ‘ರಾಜಸೇವಾಸಕ್ತ’ ಕೂಡ ಹಾಗೇ. ಆದ್ದರಿಂದ ಬರೀ ‘ಬಿರುದು’ ಅಂದರೆ ಈಗಿನ ಓದುಗರು ಪಡೆದವನ ಜೊತೆಗೇ ಮುಗಿಯುವ ಗೌರವ ಅಂದುಕೊಳ್ಳುತ್ತಾರೆ. ‘ಪಟ್ಟ’ದಲ್ಲಿ ತಲೆಮಾರು ಇದೆ, ಆದರೆ ಆಳ್ವಿಕೆಯೂ ಇದೆ. ಬ್ಯಾರನ್‌ಗೆ ಆಳಲು ಏನೂ ಇಲ್ಲ. ನನಗೆ ಸರಿ ಕಾಣುವುದು ‘ವಂಶದ ಬಿರುದು’. ಮೊದಲ ಸಲ ಹಾಗೆ ಬರೆದು, ಆಮೇಲೆ ‘ಬಿರುದು’ ಅಂದರೆ ಸಾಕು.

ಅದು ಇಳಿದು ಬರುವ ದಾರಿಗೂ ಸರಿಯಾದ ಮಾತು ಬೇಕು. ಬರಹದಲ್ಲಿ ‘ಉತ್ತರಾಧಿಕಾರಿ’ ಅಂತಿದೆ. ಮಠದ ಸ್ವಾಮಿಗಳು ಉತ್ತರಾಧಿಕಾರಿಯನ್ನು ಆರಿಸುತ್ತಾರೆ, ಘೋಷಿಸುತ್ತಾರೆ. ಇಂಗ್ಲಿಷ್ ವಂಶದ ಬಿರುದಿನಲ್ಲಿ ಆರಿಸುವ ಮಾತೇ ಇಲ್ಲ. ಉಯಿಲು ಬರೆದು ಬೇರೆಯವರಿಗೆ ಕೊಡಲು ಬರುವುದಿಲ್ಲ, ಮಾರಲು ಬರುವುದಿಲ್ಲ, ಅಣ್ಣ ತಮ್ಮಂದಿರು ಹಿಸ್ಸೆ ಮಾಡಿಕೊಳ್ಳಲೂ ಬರುವುದಿಲ್ಲ. ಹಾಗಾಗಿ ‘ವಾರಸುದಾರ’ ಒಳ್ಳೆಯದು. ಆದರೆ ನಮ್ಮ ‘ವಾರಸು’ ದತ್ತು ಮಗನನ್ನೂ ಒಳಗೆ ಸೇರಿಸುತ್ತದೆ. ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, 1867ರಲ್ಲಿ ಬ್ರಿಟಿಷರು ಅದನ್ನು ಒಪ್ಪಿದರು, ಸಂಸ್ಥಾನ ಉಳಿಯಿತು. ಅದೇ ಬ್ರಿಟಿಷರ ಮನೆಯ ಬಿರುದು ದತ್ತು ಮಕ್ಕಳಿಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಸನ್ನದಿನ ಮಾತು ಹೀಗಿರುತ್ತದೆ: ಮದುವೆಯೊಳಗೆ ಹುಟ್ಟಿದ, ಸ್ವಂತ ರಕ್ತದ ಗಂಡು ಸಂತತಿಗೆ ಮಾತ್ರ. ಮದುವೆಯ ವಿಷಯ ಎಷ್ಟು ಬಿಗಿ ಅಂದರೆ, ಎರಡನೆಯ ಲಾರ್ಡ್ ಸಿನ್ಹಾ ತಮ್ಮ ತಂದೆ ತಾಯಿಯ ಹಿಂದೂ ಮದುವೆ ಈ ಲೆಕ್ಕಕ್ಕೆ ಬರುತ್ತದೆ ಎಂದು ಲಾರ್ಡ್ಸ್ ಸಭೆಯ ಸಮಿತಿಯ ಮುಂದೆ ಸಾಧಿಸಬೇಕಾಯಿತು. 1939ರಲ್ಲಿ ಅವರ ಹಕ್ಕನ್ನು ಒಪ್ಪಿದರು. ಒಬ್ಬ ಮಗನಿಗೆ ಅಪ್ಪ ಅಮ್ಮನ ಮದುವೆಯನ್ನೇ ರುಜುವಾತು ಮಾಡಬೇಕಾಗಿ ಬಂದದ್ದು ಓದಿದಾಗ ನನಗೆ ಬೇಸರವಾಯಿತು.

ಇನ್ನೊಂದು ಮಾತು ಈ ಬರಹದಲ್ಲಿ ಪದೇ ಪದೇ ಬಂದಿದೆ: ‘ವಂಶ ಅಳಿಯಿತು’. ಕಾರ್ನ್‌ವಾಲಿಸ್ ಮನೆಯ ಕಥೆ ಇಟ್ಟುಕೊಂಡು ಇದನ್ನು ನೋಡೋಣ. ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್‌ನ ಅಪ್ಪನಿಗೆ 1753ರಲ್ಲಿ ಅರ್ಲ್ ಬಿರುದು ಬಂದಿತ್ತು. ಅದು ಮಗನಿಗೆ ಇಳಿಯಿತು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡು ಒಪ್ಪಂದ ಮಾಡಿದ ವರ್ಷವೇ ಮಗನಿಗೆ ಮಾರ್ಕ್ವಿಸ್ ಬಿರುದು ಬಂತು. 1805ರಲ್ಲಿ ಅವನು ಗಾಜಿಪುರದಲ್ಲಿ ತೀರಿಕೊಂಡ, ಎರಡೂ ಬಿರುದು ಅವನ ಮಗನಿಗೆ ಹೋದವು. ಆ ಮಗ 1823ರಲ್ಲಿ ತೀರಿಕೊಂಡಾಗ ಅವನಿಗೆ ಐವರು ಹೆಣ್ಣುಮಕ್ಕಳು, ಗಂಡು ಮಕ್ಕಳಿಲ್ಲ. ಮಾರ್ಕ್ವಿಸ್ ಬಿರುದು ಅಲ್ಲಿಗೆ ನಿಂತಿತು. ಅರ್ಲ್ ಬಿರುದು ನಿಲ್ಲಲಿಲ್ಲ. ಅದು ಚಿಕ್ಕಪ್ಪನಾದ ಬಿಷಪ್ ಜೇಮ್ಸ್‌ಗೆ ಹೋಯಿತು, ಅವನಿಂದ ಅವನ ಮಗನಿಗೆ, 1852ರಲ್ಲಿ ಅವನೊಂದಿಗೆ ಅದೂ ನಿಂತಿತು.

ಒಂದೇ ಸಾವಿನಲ್ಲಿ ಎರಡು ಬಿರುದು ಎರಡು ದಾರಿ ಹಿಡಿದದ್ದು ಯಾಕೆ? ಲೆಕ್ಕ ಶುರುವಾಗುವುದು ಕೊನೆಗೆ ಇದ್ದವನಿಂದ ಅಲ್ಲ, ಮೊದಲು ಪಡೆದವನಿಂದ. ಮಾರ್ಕ್ವಿಸ್ ಬಿರುದನ್ನು ಮೊದಲು ಪಡೆದವನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್, ಅವನ ಗಂಡು ಸಂತತಿ ಮುಗಿದಿತ್ತು. ಅರ್ಲ್ ಬಿರುದನ್ನು ಮೊದಲು ಪಡೆದವನು ಅವನ ಅಪ್ಪ, ಆ ಅಪ್ಪನ ಇನ್ನೊಬ್ಬ ಮಗ ಬದುಕಿದ್ದ. ಈ ಒಂದು ಎಳೆ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ‘1823ರಲ್ಲಿ ಕಾರ್ನ್‌ವಾಲಿಸ್ ವಂಶ ಅಳಿಯಿತು’ ಅಂತ ಬರೆದರೆ ಆ ಐವರು ಹೆಣ್ಣುಮಕ್ಕಳನ್ನು ಅಳಿಸಿಹಾಕಿದಂತೆ. ನಿಂತದ್ದು ಬಿರುದು, ವಂಶವಲ್ಲ. ‘ಬಿರುದು ನಿಂತಿತು’ ಅಂದರೆ ಸಾಕು.

ವೆಲ್ಲೆಸ್ಲಿ ಅಣ್ಣ ತಮ್ಮಂದಿರಲ್ಲೂ ಇದೇ ಆಯಿತು. 1799ರ ಮುತ್ತಿಗೆ ಹೊತ್ತಿಗೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ‘ಲಾರ್ಡ್ ಮಾರ್ನಿಂಗ್ಟನ್’, ವರ್ಷದ ಕೊನೆಗೆ ‘ಮಾರ್ಕ್ವಿಸ್ ವೆಲ್ಲೆಸ್ಲಿ’. ನಾನು ತಿದ್ದುತ್ತಿರುವ ಬರಹದಲ್ಲಿ ಇವರು ಇಬ್ಬರು ಬೇರೆ ಬೇರೆ ಮನುಷ್ಯರಾಗಿದ್ದಾರೆ! ತಮ್ಮ ಆರ್ಥರ್ ಮುಂದೆ ವೆಲಿಂಗ್ಟನ್ ಆದ ಮೇಲಂತೂ ಗೊಂದಲ ಕೇಳುವುದೇ ಬೇಡ. ರಿಚರ್ಡ್ 1842ರಲ್ಲಿ ಸತ್ತಾಗ ಮಾರ್ಕ್ವಿಸ್ ಬಿರುದು ನಿಂತಿತು, ಅಪ್ಪನಿಂದ ಬಂದಿದ್ದ ಮಾರ್ನಿಂಗ್ಟನ್ ಬಿರುದು ಇನ್ನೊಬ್ಬ ತಮ್ಮ ವಿಲಿಯಂಗೆ ಹೋಯಿತು. 1863ರಲ್ಲಿ ಆ ಕವಲೂ ಮುಗಿದು ಅದು ವೆಲಿಂಗ್ಟನ್ ಮನೆ ಸೇರಿತು.

ಇನ್ನು ಹ್ಯಾರಿಸ್ ಬಿರುದು, ಅದು ಇವತ್ತಿಗೂ ನಡೆದುಬಂದಿದೆ. ಮೂರನೆಯ ಲಾರ್ಡ್ ಹ್ಯಾರಿಸ್ 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್. ಆಗ ಬಳ್ಳಾರಿ, ಮಂಗಳೂರು ಅವನ ಕೈಕೆಳಗೆ. ಅವನ ಮಗ, ನಾಲ್ಕನೆಯವನು, ಇಂಗ್ಲೆಂಡಿನ ಕ್ರಿಕೆಟ್ ನಾಯಕನಾಗಿದ್ದವನು, 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಅವನ ಕೈಕೆಳಗೆ. ಅಂದರೆ ಬಿರುದಿನಲ್ಲಿ ಮೈಸೂರಿನ ಹೆಸರು ಇಟ್ಟುಕೊಂಡ ಮನೆಯವರು ಮೈಸೂರನ್ನು ಬಿಟ್ಟು ಅದರ ಸುತ್ತಲಿನ ಕನ್ನಡ ನಾಡನ್ನು ಆಳಿದರು. ಮುಂಬಯಿ ಶಾಲಾ ಹುಡುಗರ ಹ್ಯಾರಿಸ್ ಶೀಲ್ಡ್, 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ ಪಂದ್ಯಾವಳಿ, ಈ ನಾಲ್ಕನೆಯವನ ಹೆಸರಿನದ್ದು. ಆರನೆಯವನು 1995ರಲ್ಲಿ ಗಂಡು ಮಕ್ಕಳಿಲ್ಲದೆ ತೀರಿಕೊಂಡಾಗ ಬಿರುದು ದೂರದ ದಾಯಾದಿಗೆ ಹೋಯಿತು. ಆ ದಾಯಾದಿಯೂ 1799ರ ಜನರಲ್‌ನ ಸಂತತಿಯೇ. ಬೆಲ್ಮಾಂಟ್ ಬಂಗಲೆಯಲ್ಲಿ ಶ್ರೀರಂಗಪಟ್ಟಣದಿಂದ ಹೋದ ವಸ್ತುಗಳನ್ನು ಈಗಲೂ ನೋಡಬಹುದು.

ಹೆಣ್ಣುಮಕ್ಕಳಿಗೆ ಹೋಗುವ ಬಿರುದುಗಳೂ ಇವೆ. ಮೌಂಟ್‌ಬ್ಯಾಟನ್‌ಗೆ ಇಬ್ಬರೂ ಹೆಣ್ಣುಮಕ್ಕಳು, ಹಾಗಾಗಿ ಸನ್ನದಿನಲ್ಲೇ ಬೇರೆ ಒಕ್ಕಣೆ ಹಾಕಿಸಿದ್ದರು. 1979ರಲ್ಲಿ ಅವನ ಕೊಲೆಯಾದಾಗ ಹಿರಿಯ ಮಗಳು ಪೆಟ್ರೀಷಿಯಾಗೆ ಬಂತು. ಹಳೆಯ ಕಾಲದ ಕೆಲವು ಬ್ಯಾರನ್ ಬಿರುದುಗಳು ಹೆಣ್ಣಿನ ಕಡೆಗೂ ಹೋಗುತ್ತವೆ, ಆದರೆ ಅಕ್ಕ ತಂಗಿಯರಲ್ಲಿ ಹಿರಿತನ ಲೆಕ್ಕಕ್ಕಿಲ್ಲ. ಇಬ್ಬರಿದ್ದರೆ ಇಬ್ಬರ ಹಕ್ಕೂ ಸಮ, ಬಿರುದನ್ನು ಒಡೆಯಲು ಬರುವುದಿಲ್ಲ, ಆದ್ದರಿಂದ ಯಾರಿಗೂ ಇಲ್ಲ. ಗ್ರೇ ಆಫ್ ಕಾಡ್ನರ್ ಎಂಬ ಬಿರುದು ಹೀಗೆ 1496ರಿಂದ 1989ರವರೆಗೆ ಕಾದು ಕೂತಿತ್ತು! ಈ ಸ್ಥಿತಿಗೆ ಕನ್ನಡದಲ್ಲಿ ಏನೆನ್ನೋಣ? ನಿಘಂಟು ನೋಡಿ ‘ಅಮಾನತು’ ಅಂದರೆ ಯಾರೋ ಲಂಚ ತಿಂದು ಸಿಕ್ಕಿಬಿದ್ದ ಹಾಗೆ ಕೇಳುತ್ತದೆ. ನನಗೆ ಹೊಳೆದದ್ದು ‘ನನೆಗುದಿಗೆ ಬಿದ್ದಿದೆ’. ಸತ್ತಿಲ್ಲ, ತೀರ್ಮಾನವಾಗಿಲ್ಲ ಎಂಬ ಎರಡೂ ಅರ್ಥ ಅದರಲ್ಲಿದೆ.

ಮೊದಲಿನ ಸಾಲನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘1815ರಲ್ಲಿ ಅವನಿಗೆ ಬ್ಯಾರನ್ ಹ್ಯಾರಿಸ್ ಎಂಬ ವಂಶದ ಬಿರುದು ಬಂತು. ಗೆದ್ದ ಊರುಗಳೆಂದು ಶ್ರೀರಂಗಪಟ್ಟಣ, ಮೈಸೂರುಗಳ ಹೆಸರನ್ನು ಸನ್ನದಿನಲ್ಲಿ ಸೇರಿಸಿದರು.’

ನಿಮ್ಮನ್ನು ಕೇಳಬೇಕಾದದ್ದು ಎರಡು. ಒಂದು, ಬ್ಯಾರನ್ ಆಗಿರುವಿಕೆ, ಅರ್ಲ್ ಆಗಿರುವಿಕೆಗೆ ಒಂದೇ ಪದ ಬೇಕು. ‘ಪಟೇಲಿಕೆ’ಯ ಹಾಗೆ ‘ಬ್ಯಾರನಿಕೆ’, ‘ಅರ್ಲಿಕೆ’ ಅನ್ನಬಹುದೇ? ಪಟೇಲಿಕೆಯೂ ಅಪ್ಪನಿಂದ ಮಗನಿಗೆ ಬರುತ್ತಿದ್ದದ್ದೇ, ಹಾಗಾಗಿ ಅರ್ಥ ಕೂಡುತ್ತದೆ. ‘ದಿವಾನಗಿರಿ’ಯ ‘-ಗಿರಿ’ಯನ್ನೂ ಯೋಚಿಸಿದೆ, ಆದರೆ ಈಗ ‘ಗೂಂಡಾಗಿರಿ’ ಅದನ್ನು ಕೆಡಿಸಿಬಿಟ್ಟಿದೆ. ಎರಡು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ‘ಪೌತಿ ಖಾತೆ’ಯ ‘ಪೌತಿ’ಯನ್ನು ನಿಮ್ಮ ಕಡೆ ಜಮೀನು ಬಿಟ್ಟು ಬೇರೆ ಹಕ್ಕುಗಳಿಗೂ ಹೇಳುತ್ತಾರಾ? ಹಳೆ ಮೈಸೂರು, ಧಾರವಾಡ, ಮಂಗಳೂರು ಕಡೆಯವರು ಬೇರೆ ಬೇರೆಯಾಗಿ ಬರೆದರೆ ಒಳ್ಳೆಯದು. ಅಳಿಯಸಂತಾನದ ಮನೆಗಳಲ್ಲಿ ಯಜಮಾನಿಕೆ ಇಳಿಯುವುದಕ್ಕೆ ಬೇರೆಯೇ ಮಾತಿದ್ದರೆ ಅದನ್ನೂ ತಿಳಿಸಿ.